ಬಾವಿ ಬತ್ತಿದೆ, ಕಲ್ಲು ತಣ್ಣಗಿದೆ

ಓದುಗರ ಪ್ರಶ್ನೆಗಳಿಗೆ ಸಭಾಪಾಲಕರ ಉತ್ತರ

ಪ್ರಶ್ನೆ: ಮಾನ್ಯ ಅಯ್ಯನವರೇ, ಕ್ರಿಸ್ತ ಯೇಸುವಿನಲ್ಲಿ ವಂದನೆಗಳು. ನನಗೆ 46 ವರ್ಷ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ನಮ್ಮ ಸಭೆಯ ಸಂಡೇಸ್ಕೂಲಿನಲ್ಲಿ 20 ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಾ ಬಂದಿದ್ದೇನೆ. ಒಂದು ವರ್ಷಕ್ಕೂ ಮೇಲಾಯಿತು, ಪ್ರಾರ್ಥನೆಯಲ್ಲಿ ನನಗೆ ಏನೂ ಅನ್ನಿಸುತ್ತಿಲ್ಲ. ಮೊದಲೆಲ್ಲ ಮೊಣಕಾಲೂರಿದರೆ ಕಣ್ಣು ತುಂಬಿ ಬರುತ್ತಿತ್ತು. ಈಗ ಗೋಡೆಯೊಂದಿಗೆ ಮಾತಾಡಿದಂತಾಗುತ್ತದೆ. ಬೈಬಲ್ ತೆರೆದರೆ ಇಲಾಖೆಯ ಸುತ್ತೋಲೆ ಓದಿದ ಹಾಗೆ ಕಣ್ಣು ಮಾತ್ರ ಸಾಲಿನ ಮೇಲೆ ಓಡುತ್ತದೆ. ಅತ್ತೆಯವರು ಎರಡು ವರ್ಷಗಳಿಂದ ಹಾಸಿಗೆ ಹಿಡಿದಿರುವುದರಿಂದ ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ, ಆದರೆ ಅದನ್ನು ನೆಪವಾಗಿ ಹೇಳುತ್ತಿಲ್ಲ. ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು, ಒಳಗೆ ಪಾಪ ಮುಚ್ಚಿಟ್ಟುಕೊಂಡವರಿಗೆ ಮಾತ್ರ ದೇವರು ಮುಖ ಮರೆಮಾಡುತ್ತಾನೆ ಎಂದು ಹೇಳಿದರು. ಅಂದಿನಿಂದ ನನ್ನೊಳಗನ್ನು ಕೆದಕಿ ಕೆದಕಿ ದಣಿದಿದ್ದೇನೆ. ದೇವರು ನನ್ನನ್ನು ಕೈಬಿಟ್ಟನೇ? ನನ್ನಲ್ಲಿಲ್ಲದ್ದನ್ನು ಮಕ್ಕಳಿಗೆ ಹೇಳಿಕೊಡುವುದು ಕಪಟವಲ್ಲವೇ? ಸಂಡೇಸ್ಕೂಲನ್ನು ಬಿಟ್ಟುಬಿಡಲೇ?
(ಹೆಸರು ಬೇಡ, ಬಯಲುಸೀಮೆ)

ಉತ್ತರ: ಪ್ರಿಯ ಸಹೋದರಿ, ನೀವು ಬಹಳ ದಿನ ಒಬ್ಬರೇ ಹೊತ್ತು ನಡೆದಿದ್ದೀರಿ, ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದೇವರು ನಿಮ್ಮನ್ನು ಕೈಬಿಟ್ಟಿಲ್ಲ. ಸಂಡೇಸ್ಕೂಲನ್ನು ಈಗ ಬಿಡಬೇಡಿ. ಏಕೆಂಬುದನ್ನು ವಿವರಿಸುವುದಕ್ಕೆ ಒಂದು ಬಾವಿಯ ಸಂಗತಿಯನ್ನು ಹೇಳಬೇಕಾಗಿದೆ.

ನಾನು ಹಿಂದೆ ಸೇವೆ ಮಾಡುತ್ತಿದ್ದ ಊರಿನ ದೇವಾಲಯದ ಕಾಂಪೌಂಡಿನಲ್ಲಿ ಕಲ್ಲಿನಿಂದ ಕಟ್ಟಿದ ಹಳೆಯ ಬಾವಿಯೊಂದಿತ್ತು. ಮಳೆ ಕೈಕೊಟ್ಟ ಎರಡನೆಯ ವರ್ಷ, ಏಪ್ರಿಲ್ ತಿಂಗಳ ಹೊತ್ತಿಗೆ, ಕೊಡ ಇಳಿಸಿದರೆ ತಳಕ್ಕೆ ಬಡಿದು ಟಣ್ಣೆಂದು ಸದ್ದಾಗುತ್ತಿತ್ತು. ಹೂಳು ತೆಗೆಯಲು ಮೂವರು ಆಳುಗಳು ಬಂದರು. ಇಬ್ಬರು ಮೇಲೆ ನಿಂತು ರಾಟೆಯ ಹಗ್ಗ ಎಳೆಯುತ್ತಿದ್ದರೆ, ಅವರಲ್ಲಿ ಹಿರಿಯನಾದವನು ಒಳಗಿಳಿದು ಬಾಂಡ್ಲಿಗೆ ಕೆಸರು ತುಂಬುತ್ತಿದ್ದ. ಎರಡು ದಿನ ಕೆಸರು, ಒಡೆದ ಕೊಡದ ಚೂರು, ಕೊಳೆತ ತೆಂಗಿನ ಗರಿ, ಯಾರದೋ ಕೈಜಾರಿ ಬಿದ್ದಿದ್ದ ಹಿತ್ತಾಳೆಯ ಚೊಂಬು, ಇವೇ ಮೇಲೆ ಬಂದವು, ನೀರಿನ ಸುಳಿವಿರಲಿಲ್ಲ. ಇನ್ನು ಬೋರ್‌ವೆಲ್ ಕೊರೆಸುವುದೇ ಸರಿಯೆಂದು ಸಭೆಯ ಹಿರಿಯರು ಮಾತಾಡಿಕೊಳ್ಳುತ್ತಿದ್ದಾಗ ಒಳಗಿನಿಂದ ಅವನು ಕೂಗಿದ: “ಸೆಲೆ ಸತ್ತಿಲ್ಲ ಅಯ್ಯನವರೇ, ಕಲ್ಲು ತಣ್ಣಗದೆ.” ಬಗ್ಗಿ ನೋಡಿದರೆ, ಬಂಡೆಯ ಒಂದು ಬಿರುಕಿಗೆ ಅಂಗೈ ಒತ್ತಿ ಹಿಡಿದು ನಿಂತಿದ್ದ. ದಡದಲ್ಲಿ ಬಿಸಿಲಿಗೆ ನಿಂತಿದ್ದ ನಮಗೆ ಆ ತಂಪು ಗೊತ್ತಾಗುವ ಬಗೆಯೇ ಇರಲಿಲ್ಲ.

ನಿಮ್ಮ ಪತ್ರವನ್ನು ಓದುವಾಗ ನನಗೆ ಆ ಕಲ್ಲಿನ ನೆನಪಾಯಿತು. ದೇವರು ಬೇಡವಾದ ಮನಸ್ಸು ದೇವರು ಸಿಗುತ್ತಿಲ್ಲವೆಂದು ಮೂರು ಪುಟದ ಕಾಗದ ಬರೆಯುವುದಿಲ್ಲ. ಅದಕ್ಕೆ ಸಂಕಟವೇ ಇರುವುದಿಲ್ಲ, ಅದು ಬೇರೆ ಕೆಲಸ ನೋಡಿಕೊಂಡು ಹೋಗಿಬಿಡುತ್ತದೆ. ನಿಮ್ಮೊಳಗೆ ಉಳಿದಿರುವ ಈ ಹಂಬಲವನ್ನು ನೀವು ನಷ್ಟದ ಗುರುತೆಂದು ಎಣಿಸಿದ್ದೀರಿ. ನನಗಾದರೋ ಅದು ಸೆಲೆಯ ಗುರುತಾಗಿ ಕಾಣುತ್ತದೆ. ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ, 42ನೆಯ ಕೀರ್ತನೆಯ ಜಿಂಕೆ ನೀರು ಕುಡಿಯುತ್ತಿರುವ ಜಿಂಕೆಯಲ್ಲ, ನೀರಿಗಾಗಿ ಬಾಯಾರಿರುವ ಜಿಂಕೆ. 63ನೆಯ ಕೀರ್ತನೆಯನ್ನು ಹಾಡಿದವನು ನಿಂತಿದ್ದದ್ದು ಯೆಹೂದದ ಅಡವಿಯಲ್ಲಿ, ನೀರಿಲ್ಲದೆ ಒಣಗಿದ ನೆಲದ ಮೇಲೆ. ಬಾಯಾರಿಕೆಯನ್ನೇ ಪ್ರಾರ್ಥನೆಯಾಗಿ ಬರೆದಿಟ್ಟವರು ಅವರು. ಅದನ್ನು ದೇವರ ವಾಕ್ಯವೆಂದು ನಾವು ಓದುತ್ತೇವೆ.

ಇನ್ನೂ ಕಠಿಣವಾದದ್ದು 88ನೆಯ ಕೀರ್ತನೆ. ಉಳಿದ ಪ್ರಲಾಪದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯಲ್ಲಿ ಎಲ್ಲಾದರೊಂದು ಕಡೆ ಸ್ತೋತ್ರದ ಕಡೆಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಸ್ನೇಹಿತರು ದೂರವಾದರೆಂದು ಹೇಳಿ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಅದರ ಮೊದಲ ಮಾತು ದೇವರನ್ನು ತನ್ನ ರಕ್ಷಕನೆಂದು ಕರೆಯುತ್ತದೆ, ನಡುವೆ ಮುಂಜಾನೆ ತನ್ನ ಪ್ರಾರ್ಥನೆ ಆತನ ಮುಂದೆ ಬರುವುದೆಂದು ಹೇಳುತ್ತದೆ. ಇಂಥದ್ದೊಂದು ಕೀರ್ತನೆ ನಮ್ಮ ಸತ್ಯವೇದದಲ್ಲಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದೇ ಇಲ್ಲ, ಮತ್ತು ಇದರಲ್ಲಿ ಬೋಧಕರಾದ ನಮ್ಮ ತಪ್ಪಿದೆ. ಆರಾಧನೆಯಲ್ಲಿ ನಾವು ಆರಿಸಿಕೊಳ್ಳುವುದು ಸಂತೋಷದ ಕೀರ್ತನೆಗಳನ್ನೇ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಲ್ಲುವವರು ಉತ್ತರ ಸಿಕ್ಕವರು, ವಾಸಿಯಾದವರು, ಕೆಲಸ ದೊರೆತವರು ಮಾತ್ರ. ಹೀಗಾಗಿ ಬರಗಾಲದಲ್ಲಿರುವವರು ಹಿಂದಿನ ಬೆಂಚಿನಲ್ಲಿ ಕುಳಿತು, ಈ ಸಭೆಯಲ್ಲಿ ತಾನೊಬ್ಬಳೇ ಹೀಗೆ ಎಂದುಕೊಂಡು ಮನೆಗೆ ಹೋಗುತ್ತಾರೆ. ಇದು ನನ್ನನ್ನು ಬಹಳ ಕಾಡುವ ವಿಷಯ.

ಆ ಬೋಧಕರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. 32ನೆಯ ಕೀರ್ತನೆಯಲ್ಲಿ ದಾವೀದನು, ಪಾಪವನ್ನು ಅರಿಕೆ ಮಾಡದೆ ಬಾಯಿ ಮುಚ್ಚಿಕೊಂಡಿದ್ದಾಗ ಬೇಸಿಗೆಯ ತಾಪಕ್ಕೆ ಸಿಕ್ಕಿದಂತೆ ತನ್ನ ಸಾರವೆಲ್ಲ ಬತ್ತಿಹೋಯಿತೆಂದು ಹೇಳಿಕೊಳ್ಳುತ್ತಾನೆ. ಆದರೆ ‘ಮಾತ್ರ’ ಎಂಬ ಒಂದು ಪದವನ್ನು ಸೇರಿಸಿ ಅವರು ಆ ಸತ್ಯವನ್ನು ಕಲ್ಲಾಗಿ ಎಸೆದರು. ಕಷ್ಟಕ್ಕೆ ಸಿಕ್ಕಿದ್ದ ಯೋಬನಿಗೆ ನಿನ್ನ ಪಾಪವೇ ಕಾರಣವೆಂದ ಅವನ ಸ್ನೇಹಿತರು ಮಾಡಿದ್ದೂ ಅದನ್ನೇ, ಮತ್ತು ಕೊನೆಗೆ ದೇವರು ಕೋಪಗೊಂಡದ್ದು ಆ ಸ್ನೇಹಿತರ ಮೇಲೆ. ನಾನು ಕಂಡುಕೊಂಡಿರುವ ವ್ಯತ್ಯಾಸ ಇಷ್ಟು: ಪವಿತ್ರಾತ್ಮನು ಪಾಪವನ್ನು ತೋರಿಸುವಾಗ ಬೆರಳಿಟ್ಟು ತೋರಿಸುತ್ತಾನೆ, ತಂಗಿಯೊಂದಿಗೆ ಆಡಿದ ಆ ಮಾತು, ಹಿಂತಿರುಗಿಸದ ಆ ಹಣ, ಕ್ಷಮಿಸದ ಆ ಮನುಷ್ಯ. ಅದಕ್ಕೆ ಹೆಸರಿರುತ್ತದೆ, ಸರಿಪಡಿಸುವ ದಾರಿಯೂ ಇರುತ್ತದೆ. ‘ಎಲ್ಲೋ ಏನೋ ಇರಬೇಕು’ ಎಂದು ಮಂಜಿನಂತೆ ಸುತ್ತಿಕೊಂಡು, ಹುಡುಕಿದಷ್ಟೂ ಮುಗಿಯದೆ ಮನುಷ್ಯನನ್ನು ದಣಿಸುವ ದೂರು ಆತನ ಕೈಯಿಂದ ಬಂದದ್ದಲ್ಲ. ನಿಮಗೆ ಗೊತ್ತಿರುವ ಪಾಪವೇನಾದರೂ ಇದ್ದರೆ ಇವತ್ತೇ ಅರಿಕೆ ಮಾಡಿ. ಇಲ್ಲವಾದರೆ ಕೆದಕುವುದನ್ನು ನಿಲ್ಲಿಸಿ.

ನೀವು ನೆಪವೆಂದು ಬದಿಗೆ ಸರಿಸಿದ ವಾಕ್ಯವೊಂದಿದೆಯಲ್ಲ, ನನಗೆ ಇಡೀ ಪತ್ರದಲ್ಲಿ ಎದ್ದು ಕಂಡದ್ದು ಅದೇ. ಎರಡು ವರ್ಷಗಳಿಂದ ರಾತ್ರಿ ಮೂರು ನಾಲ್ಕು ಸಲ ಏಳುತ್ತಿರುವವರು ನೀವು. ಒಂದನೆಯ ಅರಸುಗಳು ಪುಸ್ತಕದ 19ನೆಯ ಅಧ್ಯಾಯವನ್ನು ನೀವು ಮಕ್ಕಳಿಗೆ ಎಷ್ಟೋ ಸಲ ಹೇಳಿರುತ್ತೀರಿ. ಈಗ ನಿಮಗಾಗಿ ಓದಿಕೊಳ್ಳಿ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿದು ಬಂದದ್ದನ್ನು ಕಂಡ ಪ್ರವಾದಿ ಎಲೀಯನೇ, ರಾಣಿ ಈಜೆಬೆಲಳ ಬೆದರಿಕೆಗೆ ಬೇರ್ಷೆಬದ ತನಕ ಓಡಿ, ಅಲ್ಲಿಂದಾಚೆಗೆ ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಗಿಡವೊಂದರ ಬುಡದಲ್ಲಿ ಕುಳಿತು ಸಾಕು, ನನ್ನ ಪ್ರಾಣ ತೆಗೆದುಕೋ ಎಂದನು. ದೇವದೂತನು ಅವನಿಗೆ ಪ್ರಸಂಗ ಮಾಡಲಿಲ್ಲ, ನಂಬಿಕೆ ಎಲ್ಲಿ ಹೋಯಿತೆಂದು ಕೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದನು, ಮತ್ತೆ ಮಲಗಿದನು. ಮತ್ತೊಮ್ಮೆ ಎಬ್ಬಿಸಿ ಉಣಿಸಿ, ದಾರಿ ನಿನ್ನ ಶಕ್ತಿಗೆ ಮೀರಿದ್ದೆಂದು ಹೇಳಿದನು. ಇಲ್ಲಿ ಏನು ಮಾಡುತ್ತೀ ಎಂದು ದೇವರು ಕೇಳಿದ್ದು, 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ನಿದ್ರೆ ಮೊದಲು, ಪ್ರಶ್ನೆ ಆಮೇಲೆ. ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ ಹೆಚ್ಚು ಪ್ರಾರ್ಥಿಸಿರೆಂಬುದಲ್ಲ. ವಾರಕ್ಕೆ ಎರಡು ರಾತ್ರಿಯಾದರೂ ನಿಮ್ಮ ಯಜಮಾನರೋ, ನಾದಿನಿಯೋ, ದೊಡ್ಡ ಮಕ್ಕಳೋ ಅತ್ತೆಯವರ ಬಳಿ ಮಲಗಲಿ. ಕೇಳುವುದಕ್ಕೆ ಸಂಕೋಚವಾದರೆ ಈ ಪುಟವನ್ನೇ ಅವರ ಕೈಗೆ ಕೊಡಿ. ನಿಮ್ಮ ಸಭೆಯ ಸ್ತ್ರೀಯರ ಸಂಘದವರು ತಿಂಗಳಿಗೊಮ್ಮೆ ಬಂದು ಹಾಡಿ ಹೋಗುವುದರ ಜೊತೆಗೆ ಒಂದು ಮಧ್ಯಾಹ್ನ ರೋಗಿಯ ಪಕ್ಕದಲ್ಲಿ ಕುಳಿತು ನಿಮ್ಮನ್ನು ಮಲಗಲು ಬಿಟ್ಟರೆ ಅದೂ ದೇವದೂತರ ಸೇವೆಯೇ.

ಹಾಗೆಂದು ಎಲ್ಲ ಶುಷ್ಕತೆಯೂ ನಿದ್ರೆಯಿಂದ ಹೋಗುವಂಥದ್ದಲ್ಲ. ನಾನು ಪ್ರೊಟೆಸ್ಟೆಂಟ್ ಸಭೆಯವನಾದರೂ ಈ ವಿಷಯದಲ್ಲಿ ನನಗೆ ಹೆಚ್ಚು ಕಲಿಸಿದವರು 16ನೆಯ ಶತಮಾನದ ಸ್ಪೇನ್ ದೇಶದ ಒಬ್ಬ ಕ್ಯಾಥೋಲಿಕ್ ಸಂನ್ಯಾಸಿನಿ, ಆವಿಲಾದ ತೆರೇಸಾ. 1515ರಲ್ಲಿ ಹುಟ್ಟಿ 1582ರಲ್ಲಿ ತೀರಿಕೊಂಡ ಈಕೆಯನ್ನು ಪ್ರಾರ್ಥನೆಯ ಮಹಾಗುರುವೆಂದು ಲೋಕ ಕೊಂಡಾಡುತ್ತದೆ. ಆದರೆ ಆಕೆ ತನ್ನ ಆತ್ಮಚರಿತ್ರೆಯಲ್ಲಿ, 18 ವರ್ಷ ಇಂಥ ಒಣ ಪ್ರಾರ್ಥನೆಯಲ್ಲಿ ಕಳೆದೆನೆಂದೂ, ಕೈಯಲ್ಲೊಂದು ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕುಳಿತುಕೊಳ್ಳಲು ಧೈರ್ಯವಿರುತ್ತಿರಲಿಲ್ಲವೆಂದೂ, ಎಷ್ಟೋ ಸಲ ಗಡಿಯಾರದ ಗಂಟೆ ಯಾವಾಗ ಹೊಡೆದೀತೆಂದು ಕಿವಿಗೊಟ್ಟು ಕುಳಿತಿರುತ್ತಿದ್ದೆನೆಂದೂ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಅದೇ ಬರಹದಲ್ಲಿ ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವ ಕೆಲಸಕ್ಕೆ ಹೋಲಿಸುತ್ತಾಳೆ. ಬಾವಿಯಿಂದ ಕೊಡದಲ್ಲಿ ಸೇದಿ ಹಾಕುವುದು ಒಂದು. ಗಡಿಗೆ ಕಟ್ಟಿದ ಚಕ್ರವನ್ನು ತಿರುಗಿಸಿ ಎತ್ತುವುದು ಇನ್ನೊಂದು. ಹೊಳೆಯ ಅಥವಾ ತೊರೆಯ ನೀರು ತಾನಾಗಿ ಹರಿದು ಬರುವುದು ಮೂರನೆಯದು. ಕೈಯಾಡಿಸದೆಯೇ ಮಳೆ ಸುರಿಯುವುದು ನಾಲ್ಕನೆಯದು. ನಮ್ಮ ಕಪಿಲೆ, ಏತ, ಕಾಲುವೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೇದುವ ಬಾವಿಯೇ ಬತ್ತಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಯನ್ನೂ ಆಕೆ ಎತ್ತಿಕೊಳ್ಳುತ್ತಾಳೆ. ತೋಟಗಾರನು ತನ್ನ ಕೈಲಾದದ್ದನ್ನು ಮಾಡಲಿ, ತೋಟ ತನ್ನದಲ್ಲ, ದೊಡ್ಡ ಚಕ್ರವರ್ತಿಯದು. ಅವನ ತೋಟದಲ್ಲಿ ಕೆಲಸ ಸಿಕ್ಕಿರುವುದೇ ಸಂತೋಷಕ್ಕೆ ಸಾಕು, ನೀರಿಲ್ಲದೆಯೂ ಗಿಡಗಳನ್ನು ಉಳಿಸುವುದು ಒಡೆಯನಿಗೆ ಗೊತ್ತಿದೆ ಎಂಬುದು ಆಕೆಯ ಉತ್ತರದ ಸಾರ.

ನಮ್ಮ ಕಾಂಪೌಂಡಿನ ಬಾವಿಗೆ ನೀರು ಬಂದದ್ದು ಹೂಳು ತೆಗೆದ ವಾರದಲ್ಲಲ್ಲ. ತಳದಲ್ಲಿ ಪಾದ ಮುಳುಗುವಷ್ಟು ಊರಿ ಅಲ್ಲಿಗೇ ನಿಂತಿತು. ಜನ ಆ ಬೇಸಿಗೆಯನ್ನು ಟ್ಯಾಂಕರ್ ನೀರಿನಲ್ಲಿ ಕಳೆದರು. ಮಳೆ ಹಿಡಿದ ಮೇಲೆ ಬಾವಿ ತುಂಬಿತು, ಹೂಳಿಲ್ಲದ್ದರಿಂದ ಹಿಂದಿಗಿಂತ ಆಳವಾಗಿ ತುಂಬಿತು. ಮಳೆ ತರಿಸುವುದು ನಮ್ಮಿಂದಾಗುವ ಕೆಲಸವಾಗಿರಲಿಲ್ಲ, ಕೆಸರು ಎತ್ತುವುದು ಆಗಿತ್ತು. ಪ್ರಾರ್ಥನೆಯಲ್ಲಿ ಭಾವಾವೇಶ ಬರಿಸಿಕೊಳ್ಳಲು ನೀವು ಪಡುತ್ತಿರುವ ಶ್ರಮವೆಲ್ಲ ಮಳೆ ತರಿಸುವ ಶ್ರಮ. ಅದನ್ನು ಕೈಬಿಡಿ. ದಿನಕ್ಕೆ ಹತ್ತು ನಿಮಿಷ ಸಾಕು. ಕಣ್ಣಿನಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಒಂದೇ ಕೀರ್ತನೆಯನ್ನು ಒಂದು ವಾರ ಪೂರ್ತಿ ಓದಿ. ಸ್ವಂತ ಮಾತು ಹುಟ್ಟದಿದ್ದರೆ ಕರ್ತನು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ ಎದ್ದುಬಿಡಿ. ಅದೂ ಆಗದ ದಿನ ಸುಮ್ಮನೆ ಕುಳಿತಿರಿ. ತಕ್ಕಂತೆ ಪ್ರಾರ್ಥಿಸುವುದು ಹೇಗೆಂದು ನಮಗೆ ತಿಳಿಯದಿರುವಾಗ ಮಾತಿಲ್ಲದ ನರಳಾಟದಿಂದ ಆತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ ಹೇಳುವುದು ಇಂಥ ದಿನಗಳಿಗಾಗಿಯೇ. ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ತಪ್ಪದೆ ಹೋಗಿ. ಅಲ್ಲಿ ನೀವು ಏನನ್ನೂ ಅನುಭವಿಸಬೇಕಾಗಿಲ್ಲ, ಕೈಚಾಚಿದರೆ ಸಾಕು. ನಿಮ್ಮ ಸಭೆಯಲ್ಲಿ ಗುಟ್ಟು ಬಿಟ್ಟುಕೊಡದ ಒಬ್ಬ ಹಿರಿಯ ತಾಯಿಗೆ ಈ ಸಂಗತಿಯನ್ನೆಲ್ಲ ತಿಳಿಸಿ, ಒಬ್ಬರೇ ಹೊತ್ತುಕೊಂಡಿರಬೇಡಿ.

ಮದರ್ ತೆರೇಸಾ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಅವರು ತಮ್ಮ ಗುರುಗಳಿಗೆ ಬರೆದ ಪತ್ರಗಳು, 1997ರಲ್ಲಿ ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ ಪ್ರಕಟವಾದಾಗ, ಕೋಲ್ಕತ್ತದ ಬೀದಿಗಳಲ್ಲಿ ಸೇವೆ ಮಾಡಿದ ಆ ದಶಕಗಳ ಬಹುಭಾಗವನ್ನು ಅವರು ದೇವರ ಸಾನ್ನಿಧ್ಯದ ಅರಿವೇ ಇಲ್ಲದೆ ಕಳೆದರೆಂಬುದು ತಿಳಿದು ಜನ ಬೆರಗಾದರು. ಅವರ ಅಳತೆಗೆ ನಮ್ಮನ್ನು ಹಚ್ಚಿಕೊಳ್ಳಬೇಕಾಗಿಲ್ಲ. ಆದರೆ ಆ ವರ್ಷಗಳಲ್ಲಿ ಅವರ ಕೈಯಿಂದ ಗಂಜಿ ಕುಡಿದವರಿಗೆ ಸಿಕ್ಕಿದ್ದು ನಿಜವಾದ ಗಂಜಿಯೇ.

ನಿಮ್ಮ ಸಂಡೇಸ್ಕೂಲಿನ ಪ್ರಶ್ನೆಗೂ ಉತ್ತರ ಅಲ್ಲಿದೆ. ಜ್ವರ ಬಂದ ತಾಯಿಗೆ ಬಾಯಿರುಚಿ ಇರುವುದಿಲ್ಲ. ಉಪ್ಪು ಹುಳಿ ಒಂದೂ ತಿಳಿಯುವುದಿಲ್ಲ. ಆದರೂ ಕೈಯ ಅಳತೆಯಿಂದಲೇ ಉಪ್ಪು ಹಾಕಿ ಸಾರು ಮಾಡಿ ಮಕ್ಕಳಿಗೆ ಬಡಿಸುತ್ತಾಳೆ, ಮಕ್ಕಳ ಹೊಟ್ಟೆ ತುಂಬುತ್ತದೆ. ಆ ಅಡುಗೆಯನ್ನು ಕಪಟವೆಂದು ಯಾರೂ ಹೇಳುವುದಿಲ್ಲ. ಇಲ್ಲದ ಆನಂದವನ್ನು ಇದೆಯೆಂದು ನಟಿಸಿದರೆ ಮಾತ್ರ ಕಪಟವಾಗುತ್ತದೆ, ಅದನ್ನು ಮಾಡಬೇಡಿ. ಮುಂದಿನ ಭಾನುವಾರ ಮಕ್ಕಳಿಗೆ 42ನೆಯ ಕೀರ್ತನೆಯನ್ನು ಕಲಿಸಿ. ದೇವರ ಮೇಲೆ ಬೇಸರ ಬಂದಾಗಲೂ ಆತನೊಂದಿಗೆ ಮಾತಾಡಬಹುದೆಂದು ಹೇಳಿ. ಹತ್ತು ವರ್ಷದ ಮಗುವಿಗೂ ಅದರ ಅಗತ್ಯವಿರುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಆರು ತಿಂಗಳಿಂದ ದೇವಾಲಯಕ್ಕೆ ಬರುತ್ತಿಲ್ಲ. ಊಟ ಸೇರುವುದಿಲ್ಲ, ಗೆಳೆಯರ ಜೊತೆ ಆಡುತ್ತಿದ್ದ ಕ್ರಿಕೆಟ್ಟನ್ನೂ ಬಿಟ್ಟಿದ್ದಾನೆ, ಬದುಕಿ ಏನು ಪ್ರಯೋಜನ ಎನ್ನುತ್ತಾನೆ. ಉಪವಾಸ ಪ್ರಾರ್ಥನೆ ಇಡಿಸೋಣ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಇದು ಆತ್ಮಿಕ ಬರವೇ, ಕಾಯಿಲೆಯೇ?
(ಒಬ್ಬ ಅಣ್ಣ, ಧಾರವಾಡ ಜಿಲ್ಲೆ)

ಉತ್ತರ: ಸಹೋದರರೇ, ಪ್ರಾರ್ಥನೆ ಮಾಡಿ, ಆದರೆ ಅದಕ್ಕೆ ಮೊದಲು ಅವನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಮುಂದಿನ ವಾರವಲ್ಲ, ನಾಳೆಯೇ. ಬದುಕಿ ಏನು ಪ್ರಯೋಜನ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅವನನ್ನು ಒಬ್ಬನೇ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ನೀವು ಕೇಳಿರುವ ವ್ಯತ್ಯಾಸವನ್ನು ನಾಲ್ಕು ಶತಮಾನಗಳ ಹಿಂದೆಯೇ ಒಬ್ಬರು ಗುರುತಿಸಿದ್ದರು. ಆವಿಲಾದ ತೆರೇಸಾಳ ಜೊತೆಗಾರರಾಗಿದ್ದ ಶಿಲುಬೆಯ ಯೋಹಾನರನ್ನು 1577ರ ಡಿಸೆಂಬರ್‌ನಲ್ಲಿ ಅವರದೇ ಸಂಘದ ಸಂನ್ಯಾಸಿಗಳು ಹಿಡಿದು, ತೊಲೇದೋ ನಗರದ ಇಕ್ಕಟ್ಟಾದ ಕೋಣೆಯೊಂದರಲ್ಲಿ ಎಂಟು ತಿಂಗಳಿಗೂ ಹೆಚ್ಚು ಕಾಲ ಸೆರೆಯಿಟ್ಟಿದ್ದರು; ಆತ್ಮದ ಕತ್ತಲ ರಾತ್ರಿಯ ಬಗ್ಗೆ ಮುಂದೆ ಬರೆದವರು ಅವರೇ. ಶುಷ್ಕತೆ ದೇವರಿಂದ ಬಂದದ್ದೋ ಅಲ್ಲವೋ ಎಂಬುದಕ್ಕೆ ಅವರು ಮೂರು ಗುರುತುಗಳನ್ನು ಕೊಡುತ್ತಾರೆ. ದೇವರ ವಿಷಯಗಳಲ್ಲಿ ರುಚಿ ಹೋಗಿದ್ದರೂ ಲೋಕದ ವಿಷಯಗಳಲ್ಲಿಯೂ ರುಚಿ ಸಿಗುವುದಿಲ್ಲ. ದೇವರ ಸೇವೆಯಲ್ಲಿ ಹಿಂದೆ ಬಿದ್ದೆನೆಂಬ ಚಿಂತೆ ಬಿಡದೆ ಕಾಡುತ್ತದೆ. ಮೊದಲಿನ ಹಾಗೆ ಮನಸ್ಸಿನಲ್ಲಿ ಚಿತ್ರಿಸಿಕೊಂಡು ಧ್ಯಾನಿಸಲು ಆಗುವುದಿಲ್ಲ. ಮೊದಲ ಗುರುತು ಮಾತ್ರವಿದ್ದು ದೇವರನ್ನು ಸೇವಿಸುವ ಹಂಬಲವೇ ಉಳಿದಿರದಿದ್ದರೆ, ಅದು ಆಗಿನವರು ವಿಷಣ್ಣತೆಯೆಂದು ಕರೆಯುತ್ತಿದ್ದ ದೇಹದ ವ್ಯಾಧಿಯಿರಬಹುದು ಎಂದರು. ಎರಡೂ ಒಟ್ಟಿಗೇ ಇರಬಹುದೆಂದೂ ಹೇಳಿದರು, ಮತ್ತು ನನ್ನ ಸೇವೆಯ ವರ್ಷಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಹೀಗೆ ಹೆಣೆದುಕೊಂಡದ್ದನ್ನೇ. ಖಿನ್ನತೆಯನ್ನು ಗುರುತಿಸುವುದು ವೈದ್ಯರ ಕೆಲಸ. ಅದನ್ನು ಈ ಪುಟದ ಮೂಲಕ ನಾನು ಮಾಡಲಾರೆ, ನಿಮ್ಮ ಸಭಾಪಾಲಕರೂ ಮಾಡಬಾರದು. ಧಾರವಾಡದಲ್ಲಿಯೇ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ.

ಔಷಧಿ ತೆಗೆದುಕೊಂಡರೆ ನಂಬಿಕೆ ಕಡಿಮೆಯೆಂದು ಯಾರಾದರೂ ಹೇಳಿದರೆ, ಲಂಡನ್ನಿನಲ್ಲಿ ಸಾವಿರಾರು ಜನರಿಗೆ ಸುವಾರ್ತೆ ಸಾರಿದ ಚಾರ್ಲ್ಸ್ ಸ್ಪರ್ಜನ್ ಅವರ ಬದುಕನ್ನು ನೆನಪಿಸಿ. 1834ರಿಂದ 1892ರವರೆಗೆ ಬಾಳಿದ ಅವರು ತಮ್ಮನ್ನು ಮತ್ತೆ ಮತ್ತೆ ಹಿಡಿಯುತ್ತಿದ್ದ ಖಿನ್ನತೆಯನ್ನು ಬೋಧನಾ ಪೀಠದಿಂದಲೇ ಹೇಳಿಕೊಳ್ಳುತ್ತಿದ್ದರು. ಉಪವಾಸದ ವಿಷಯದಲ್ಲಿ ಒಂದು ಮಾತು: ಉಪವಾಸ ಮಾಡುವುದಿದ್ದರೆ ನೀವು ಮಾಡಿ. ಊಟ ಸೇರದ ಹುಡುಗನಿಗೆ ಮಾಡಿಸಬೇಡಿ.

ಪ್ರಶ್ನೆ: ಎರಡು ವರ್ಷಗಳ ಹಿಂದೆ ಉಜ್ಜೀವನ ಕೂಟವೊಂದರಲ್ಲಿ ನನ್ನ ಜೀವಿತ ಬದಲಾಯಿತು. ಒಂದು ವರ್ಷ ಬೆಂಕಿಯಂತಿದ್ದೆ. ಈಗ ಎಲ್ಲವೂ ತಣ್ಣಗಾಗಿದೆ. ನಮ್ಮ ಸಭೆಯ ಆರಾಧನೆಯಲ್ಲಿ ಬಲವಿಲ್ಲವೆನಿಸಿ, ವಾದ್ಯಗೋಷ್ಠಿ ಚೆನ್ನಾಗಿರುವ ಬೇರೊಂದು ಸಭೆಗೆ ಹೋಗೋಣವೆಂದಿದ್ದೇನೆ. ಸರಿಯೇ?
(ಕಲಬುರಗಿಯಿಂದ ಬಂದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಯುವಕ)

ಉತ್ತರ: ತಮ್ಮಾ, ಈಗ ಬೇಡ. 1522ರಲ್ಲಿ ಸ್ಪೇನಿನ ಮನ್ರೇಸಾ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಇಂಥ ಏರಿಳಿತಗಳಿಗೆ ಸಿಕ್ಕಿ, ಒಮ್ಮೆ ಪ್ರಾಣ ಕಳೆದುಕೊಳ್ಳುವ ಪ್ರೇರಣೆಗೂ ಒಳಗಾಗಿದ್ದ, ಮುಂದೆ ಜೆಸ್ವಿಟ್ ಸಂಘವನ್ನು ಸ್ಥಾಪಿಸಿದ ಲೊಯೊಲಾದ ಇಗ್ನಾಸಿಯವರು, ಆ ಅನುಭವದಿಂದ ಕಲಿತು ಒಂದು ನಿಯಮ ಮಾಡಿದರು: ಮನಸ್ಸು ಬಾಡಿರುವ ಕಾಲದಲ್ಲಿ, ಅದಕ್ಕೆ ಮುಂಚೆ ಮಾಡಿದ್ದ ನಿರ್ಧಾರವನ್ನು ಬದಲಾಯಿಸಬಾರದು. ಸಭೆಯನ್ನು ಬದಲಾಯಿಸಲು ಒಳ್ಳೆಯ ಕಾರಣಗಳು ಇರಬಹುದು, ಆದರೆ ಅವನ್ನು ತೂಗಿ ನೋಡಲು ಇದು ಸಮಯವಲ್ಲ. ಇನ್ನೊಂದು ಕಿವಿಮಾತನ್ನೂ ಅವರು ಹೇಳಿದ್ದಾರೆ: ಪ್ರಾರ್ಥನೆಗೆಂದು ಗೊತ್ತುಮಾಡಿದ ಹೊತ್ತು ಸಾಗದಂತಿದ್ದರೆ, ಅದಕ್ಕಿಂತ ತುಸು ಹೆಚ್ಚು ಹೊತ್ತು ಕುಳಿತಿರು. ಹೊಸ ಸಭೆಯ ಸಂಗೀತ ನಿನಗೆ ಆರು ತಿಂಗಳು ಹಿತವಾಗಿರುತ್ತದೆ; ಆಮೇಲೆ ಅದಕ್ಕೂ ಕಿವಿ ಒಗ್ಗಿಹೋದಾಗ ಇನ್ನೊಂದನ್ನು ಹುಡುಕಬೇಕಾಗುತ್ತದೆ. ಒಲೆಗೆ ಮೊದಲು ಹಚ್ಚುವ ತರಗು ಭುಗಿಲೆಂದು ಉರಿದು ಹೋಗುತ್ತದೆ, ಅದು ಸೌದೆಗೆ ಕಿಚ್ಚು ಹಿಡಿಸಿದರೆ ಆಯಿತು. ಅನ್ನ ಬೇಯುವುದು ಸೌದೆಯ ಕೆಂಡದಲ್ಲಿ. ಈಗಿರುವ ಸಭೆಯಲ್ಲಿ ಆರಾಧನೆ ಮುಗಿದ ಕೂಡಲೇ ಬೈಕ್ ಹತ್ತಿ ಹೊರಡುವವನು ನೀನಾಗಿದ್ದರೆ, ಮುಂದಿನ ಭಾನುವಾರ ಅರ್ಧ ಗಂಟೆ ನಿಲ್ಲು. ಕುರ್ಚಿಗಳನ್ನು ಎತ್ತಿಡುತ್ತಿರುವ ಯಾರಾದರೊಬ್ಬರ ಜೊತೆ ಕೈಜೋಡಿಸು, ಅವರು ಎಷ್ಟು ವರ್ಷಗಳಿಂದ ಆ ಕೆಲಸ ಮಾಡುತ್ತಿದ್ದಾರೆಂದು ಕೇಳು. ಆರು ತಿಂಗಳಾದ ಮೇಲೆ ನನಗೆ ಮತ್ತೊಮ್ಮೆ ಬರೆ.